ಹಗಲಿನಲ್ಲಿ ಹೊರಟ ಕರಿ ಟಾಂಗಾ

ಅಪ್ಪಾ,

ಎಲ್ಲಿದ್ದರೂ ಒಂದು ಗಳಿಗೆ ಲಗಾಮು ಜಗ್ಗಿ ನಿಲ್ಲಿಸು, ಇದನ್ನು ಕೇಳಿಕೊಂಡು ಮುಂದೆ ಹೋಗು. ನಿಲ್ಲುವುದು ನಿನಗೆ ಕಷ್ಟವಲ್ಲ. ಯಲವಿಗಿ ಸ್ಟೇಷನ್ನಿನ ಮುಂದೆ, ಬರುವ ರೈಲು ಎಷ್ಟೇ ತಡವಾದರೂ, ಕುದುರೆಯ ಕುತ್ತಿಗೆಯ ಮೇಲೆ ಕೈ ಇಟ್ಟುಕೊಂಡು ನಿಂತೇ ಇರುತ್ತಿದ್ದವನು ನೀನು. ನಿಲ್ಲಲಾರದವನು ನಾನು. “ಕುದುರಿ ನಿಂತೀತು, ನಮ್ಮ ಈರ್ಯಾ ನಿಂದ್ರಾಂಗಿಲ್ಲ” ಎಂದು ಹತ್ತಿದವರಿಗೆಲ್ಲ ಹೇಳಿ ನಗುತ್ತಿದ್ದೆಯಲ್ಲ, ಆ ಈರ್ಯಾ ಈಗಲೂ ಹಾಗೇ ಇದ್ದಾನೆ. ಇಷ್ಟು ಬರೆಯುವುದರೊಳಗೆ ಒಮ್ಮೆ ಎದ್ದು ಹೋಗಿ ನಿನ್ನ ಕುದುರೆ ಚಂದ್ರಿಗೆ ಹುಲ್ಲು ಹಾಕಿ ಬಂದೆ. ಅದರ ಮುಂದೆ ಆಗಲೇ ಹುಲ್ಲು ಇತ್ತು. ಸುದ್ದಿ ದೊಡ್ಡದಿದೆ ಅಪ್ಪಾ, ನಿನಗೆ ಹೇಳದಿದ್ದರೆ ನನ್ನ ಹೊಟ್ಟೆ ಒಡೆದೀತು.

ಶಿವಪ್ಪ ನಿನ್ನ ಟಾಂಗಾ ಹತ್ತಿದ ದಿನ ನೆನಪಿದೆಯೇ? ಹಿರೇಬೆಂಡಿಗೇರಿಯ ರೈತ, ಹೆಂಡತಿ ತೀರಿಕೊಂಡವನು. ನಮ್ಮ ಸವಣೂರಿನ ಸಂತೆಗೆ ಬಂದಾಗಲೆಲ್ಲ ನಮ್ಮ ನೀಲವ್ವ ಕುದುರೆಗೆ ನೀರು ಕುಡಿಸುವುದನ್ನು ನೋಡಿದ್ದನಂತೆ. ಅವತ್ತು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಯಲವಿಗಿಯಲ್ಲಿ ಇಳಿದವನು ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ನಮ್ಮ ಮನೆಯ ಮುಂದೆ ಇಳಿದು, ಗಾಲಿಯ ಮೇಲೆ ಕೈ ಇಟ್ಟು, ಒಂದೇ ಉಸಿರಿಗೆ ಕೇಳಿಬಿಟ್ಟ: “ಯಜಮಾನ್ರ, ನಿಮ್ಮ ಮಗಳನ್ನ ನನಗ ಉಡಿಕಿ ಮಾಡಿ ಕೊಡ್ತೀರೇನ್ರಿ?” ನಾನು ಬಾಗಿಲಲ್ಲೇ ಇದ್ದೆ. ನಿನ್ನ ಮುಖ ನೋಡಿದೆ. ನೀನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಚಂದ್ರಿಯ ಬಾಯಿಂದ ಲಗಾಮು ಬಿಚ್ಚುತ್ತ, “ತಡೀಪಾ, ಅವಸರ ಯಾಕ?” ಅಂದೆ.

ನೀಲವ್ವ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಮರಳಿದಾಗ ಇನ್ನೂ ಹುಡುಗಿ, ಅವ್ವನೂ ಆಗ ಇರಲಿಲ್ಲ. ಅವಳನ್ನು ಯಲವಿಗಿಯಿಂದ ಕರೆತಂದವನೂ ನೀನೇ, ಆ ಟಾಂಗಾದಲ್ಲೇ. ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ತಾಳಿ ಕಟ್ಟುವ ಉಡಿಕೆ ನಮ್ಮವರಲ್ಲಿ ಇಲ್ಲದ್ದೇನಲ್ಲ. ಆದರೆ ಅದರ ರೀತಿ ನಿನಗೆ ಗೊತ್ತಲ್ಲ? ಹೊತ್ತು ಮುಳುಗಿದ ಮೇಲೆ, ವಾದ್ಯವಿಲ್ಲದೆ, ಹಂದರವಿಲ್ಲದೆ. ಮುತ್ತೈದೆಯರು ಎದುರಿಗೆ ಬರುವಂತಿಲ್ಲ. ಕತ್ತಲಿರುವಾಗಲೇ ಎತ್ತಿನ ಚಕ್ಕಡಿಯಲ್ಲಿ ಕೂಡ್ರಿಸಿ, ಮೇಲೆ ಗೋಣಿ ತಟ್ಟು ಹೊಚ್ಚಿ, ಊರು ದಾಟಿಸಿಬಿಡಬೇಕು. ನೀನು ತಡಿ ತಡಿ ಎಂದದ್ದು ಶಿವಪ್ಪನ ಮೇಲಿನ ಸಂಶಯಕ್ಕೋ, ಮಗಳನ್ನು ಹಾಗೆ ಕಳಿಸಲು ಮನಸ್ಸಿಲ್ಲದೆಯೋ? ಕೇಳಬೇಕು ಅನ್ನುವಷ್ಟರಲ್ಲಿ ನಿನಗೆ ಜ್ವರ ಬಂತು. ಆಮೇಲೆ ಕೇಳುವುದು ಎಲ್ಲಿ...

ನೀನು ಹೋದ ಮೇಲೆ ಟಾಂಗಾ ಬೇವಿನ ಗಿಡದ ಕೆಳಗೆ ನಿಂತೇಬಿಟ್ಟಿತು. ನಾನು ಖಾರ, ಸೇವು ಕರಿಯುವ ಅಂಗಡಿಯಲ್ಲಿ ಕಡಾಯಿಯ ಮುಂದೆ ಕೂಡುವವನು, ಟಾಂಗಾ ಹೊಡೆದು ಬದುಕಿದವನಲ್ಲ. ತಿಂಗಳಿಗೊಮ್ಮೆ ಚಂದ್ರಿಯನ್ನು ಹೂಡಿ ಒಂದು ಸುತ್ತು ಹಾಕಿಸಿದರೆ ಹೆಚ್ಚು. ನೆರೆಮನೆಯ ಕೋಳಿಗಳು ಸೀಟಿನ ಮೇಲೆ ಸಂಸಾರ ಹೂಡಿದವು. ಬಿಸಿಲು, ಮಳೆ, ಬೇವಿನ ಹಣ್ಣಿನ ಅಂಟು, ಕೋಳಿಯ ಹಿಕ್ಕೆ. ನೀನು ದಿನಾ ಬೆಳಿಗ್ಗೆ ಒರೆಸಿ ಒರೆಸಿ ಇಟ್ಟಿದ್ದ ಕರಿ ಬಣ್ಣ ಬೂದು ಬೂದಾಗಿ, ಅಲ್ಲಲ್ಲಿ ಬಿರಿದು ಹೊಟ್ಟಿನ ಹಾಗೆ ಏಳತೊಡಗಿತು. ದಿನಾ ಅದರ ಪಕ್ಕದಲ್ಲೇ ಹಾದು ಅಂಗಡಿಗೆ ಹೋಗುತ್ತಿದ್ದೆ, ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ನಿನ್ನ ವರ್ಷದ ತಿಥಿ ಮುಗಿದ ಮೇಲೆ ಶಿವಪ್ಪ ಮತ್ತೆ ಬಂದ. ಈ ಸಲ ನನ್ನನ್ನು ಕೇಳಿದ. ನಾನು ಒಳಗೆ ಹೋಗಿ ನೀಲವ್ವನನ್ನು ಕೇಳಿದೆ. ಅವಳು ಹುರುಳಿ ಕೇರುತ್ತಿದ್ದಳು, ಮೊರ ನಿಲ್ಲಿಸದೆ, “ಹೂಂ ಅನ್ನಣ್ಣಾ” ಅಂದಳು. ಅಷ್ಟೇ! ನೀನು ತಡಿ ತಡಿ ಎಂದು ನಿಲ್ಲಿಸಿಟ್ಟ ಮಾತಿಗೆ ಅವಳಿಗೆ ಮೊರ ನಿಲ್ಲಿಸುವಷ್ಟೂ ಹೊತ್ತು ಬೇಕಾಗಲಿಲ್ಲ. ಬರುವ ಅಮಾವಾಸ್ಯೆ ಕಳೆದ ಮೊದಲ ಸೋಮವಾರ ಸಂಜೆ ಉಡಿಕೆ ಎಂದು ನಿಶ್ಚಯ ಮಾಡಿದೆವು.

ಮರುದಿನವೇ ಕಾಕಾ ಬಂದು ಕಟ್ಟೆಯ ಮೇಲೆ ಕುಳಿತ. ನಿನ್ನ ತಮ್ಮನ ಬಾಯಿ ನಿನಗೆ ಗೊತ್ತಲ್ಲ, ಎಲೆ ಅಡಿಕೆಗಿಂತ ಮಾತೇ ಹೆಚ್ಚು ಅಗಿಯುತ್ತಾನೆ. “ಏ ಈರ್ಯಾ, ತಾಳಿ ಕಟ್ಟಿದ ಕೂಡ್ಲೆ ಚಕ್ಕಡಿ ಹತ್ತಿಸಿ ಕಳಿಸಿಬಿಡು. ಊರ ಮಂದಿ ಕಣ್ಣಿಗೆ ಬೀಳೂದ ಬ್ಯಾಡ” ಅಂದ. ನನಗೆ ಸಿಟ್ಟು ನೆತ್ತಿಗೇರಿತು. “ಚಕ್ಕಡ್ಯಾಗ ಯಾಕ? ಅಪ್ಪನ ಟಾಂಗಾದಾಗ ಕಳಸ್ತೇನಿ. ಹಾಡಹಗಲ, ಪ್ಯಾಟಿ ನಡುವ” ಅಂದುಬಿಟ್ಟೆ. ಯೋಚನೆ ಮಾಡಿ ಅಂದದ್ದಲ್ಲ, ಬಾಯಿಗೆ ಬಂತು. ಕಾಕಾ ಬೇವಿನ ಗಿಡದ ಕಡೆ ತಿರುಗಿ, ಟಾಂಗಾವನ್ನು ಮೇಲಿಂದ ಕೆಳಗೆ ನೋಡಿ, ಪಿಚಕ್ಕನೆ ಉಗುಳಿ, “ಒಪ್ಪತೈತಿ ಬಿಡು. ಉಡಿಕಿ ಹೆಣ್ಣಿಗೆ ತಕ್ಕ ಟಾಂಗಾ. ಎರಡೂ ಬಣ್ಣಗೆಟ್ಟಾವ” ಅಂದ.

ನೀಲವ್ವ ಬಾಗಿಲ ಹಿಂದೆಯೇ ಇದ್ದಳು. ಕೇಳಿಸಿಕೊಂಡಳು. ಬಕೀಟು ಎತ್ತಿಕೊಂಡು ಕುದುರೆಯ ಹತ್ತಿರ ಹೋದಳು. ನನಗೆ ಮಾತ್ರ ಆ ಮಾತು ಜಾಲಿ ಮುಳ್ಳಿನಂತೆ ನಟ್ಟುಬಿಟ್ಟಿತು. ಹಗಲಲ್ಲಿ ಕಳಿಸುತ್ತೇನೆ ಅಂದದ್ದು ಆಗಿದೆ. ಆ ಬೂದು ಹಿಡಿದ ಟಾಂಗಾದಲ್ಲಿ ಕೂಡ್ರಿಸಿ ಪೇಟೆಯಲ್ಲಿ ಹೊಡೆದುಕೊಂಡು ಹೋದರೆ ಕಾಕಾ ಅಂದದ್ದನ್ನೇ ಊರೆಲ್ಲ ಅಂದೀತು. ಅದು ಹೊಳೆಯಬೇಕು. ನಿನ್ನ ಕಾಲದಲ್ಲಿ ಹೊಳೆದದ್ದಕ್ಕಿಂತ ಹೆಚ್ಚು ಹೊಳೆಯಬೇಕು. ಆದರೆ ಹೇಗೆ? ನೀನು ಅದಕ್ಕೆ ಏನು ಹಚ್ಚುತ್ತಿದ್ದೆ ಅಪ್ಪಾ? ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅಷ್ಟು ಕೇಳಲಾರದೆ ಹೋದೆನಲ್ಲ!

ನನ್ನ ಮೊದಲ ಪ್ರಯೋಗ ಕೇಳಿದರೆ ನೀನು ಚಾಟಿ ತೆಗೆದುಕೊಳ್ಳುತ್ತಿದ್ದೆ. ಹೊಳಪು ಬರಿಸುವುದೆಂದರೆ ನನಗೆ ಗೊತ್ತಿದ್ದದ್ದು ಅಂಗಡಿಯ ಹಿತ್ತಾಳೆ ಪಾತ್ರೆ. ಹುಣಸೆಹಣ್ಣು, ಒಲೆಯ ಬೂದಿ ತಂದು, ಕತ್ತದ ನಾರು ಹಿಡಿದು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಗಸಗಸ ತಿಕ್ಕಿದೆ. ತಿಕ್ಕಿದಷ್ಟೂ ಕರಿ ನೀರು ಇಳಿಯಿತು. ಕೊಳೆ ಹೋಗುತ್ತಿದೆ ಅಂತ ನನಗೆ ಹುರುಪೋ ಹುರುಪು. ನನ್ನ ಹೆಂಡತಿ ಶಾಂತವ್ವ ಹೊರಗೆ ಬಂದು ಗಲ್ಲಕ್ಕೆ ಕೈ ಹಚ್ಚಿ ನಿಂತಳು. “ಏನ್ರಿ ಇದು? ಹಂಡೆ ಬೆಳಗಿದಾಂಗ ಬೆಳಗಾಕತ್ತೀರಿ! ಅದು ಹೊಲಸಲ್ರಿ, ಬಣ್ಣಾರಿ ಹೋಗಾಕತ್ತಿದ್ದು!” ಒಣಗಿದ ಮೇಲೆ ನೋಡಿದರೆ ಇಡೀ ಟಾಂಗಾ ವಿಭೂತಿ ಬಳಿದುಕೊಂಡಂತೆ ಬೆಳ್ಳಗಾಗಿ, ಮೈತುಂಬ ಗೀರು ಗೀರು. ಇದ್ದ ಅಷ್ಟಿಷ್ಟು ಕಪ್ಪೂ ಹೋಗಿತ್ತು.

ಆಗ ಅಂಗಡಿಯಿಂದ ಒಂದು ತಂಬಿಗೆ ಶೇಂಗಾ ಎಣ್ಣೆ ತಂದೆ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಸವರಿದ ಹಾಗೆ ಸವರಿದೆ. ಸವರಿದ ಗಳಿಗೆಯಲ್ಲಿ ಏನು ಹೊಳಪು ಅಂತೀ! ಕುಣಿಯುವುದೊಂದು ಬಾಕಿ. ಕಾಕಾನನ್ನು ನಾನೇ ಕರೆದೆ, “ಬರ್ರಿ ಕಾಕಾ, ನೋಡ್ರಿ, ಹತ್ರಿ, ಒಂದು ಸುತ್ತು ಹೋಗಿ ಬರೂಣು” ಅಂದೆ. ಮಡಿ ಧೋತರ ಉಟ್ಟಿದ್ದ ಕಾಕಾ ಹತ್ತಿದ, ಹಲಗೆಗೆ ಒರಗಿ ದೊಡ್ಡಸ್ತಿಕೆಯಿಂದ ಕುಳಿತ. ಪೇಟೆಯಲ್ಲಿ ಇಳಿದು ನಡೆದ. ಹಿಂದಿನಿಂದ ನೋಡಿದವರೆಲ್ಲ ಬಾಯಿಗೆ ಟವೆಲು ಅಡ್ಡ ಹಿಡಿದರು. ಎಣ್ಣೆ, ಅಳಿದುಳಿದ ಬಣ್ಣ, ಬೂದಿ ಎಲ್ಲ ಹತ್ತಿ ಧೋತರದ ಹಿಂಭಾಗ ಇದ್ದಿಲ ಗೋಣಿಯ ಹಾಗೆ ಆಗಿತ್ತು. ಇತ್ತ ಟಾಂಗಾದ ಕಥೆ ಇನ್ನೂ ಚೆಂದ. ರಸ್ತೆಯ ಧೂಳೆಲ್ಲ ಎಣ್ಣೆಗೆ ಮೆತ್ತಿ ಕಂಬಳಿ ಹೊದ್ದ ಹಾಗೆ ಕಾಣುತ್ತಿತ್ತು. ಕಾಕಾ ಮನೆಗೆ ಬಂದು ಕೂಗಾಡಿದ್ದೇ ಕೂಗಾಡಿದ್ದು. “ನನ್ನ ಧೋತರಾ ಹೋತು, ಹೋಗ್ಲಿ. ನಾಳೆ ಆ ಹುಡುಗಿ ಹೊಸಾ ಸೀರಿ ಉಟಗೊಂಡು ಇದರಾಗ ಕುಂತ್ರ ಏನ ಗತಿ? ಸುಮ್ಮನ ಚಕ್ಕಡಿ ಹೂಡು!” ಅವನು ಅಂದದ್ದು ನಿಜವಾಗಿತ್ತು.

ಅಂಟವಾಳದ ನೊರೆ ಹಾಕಿ ಆ ಎಣ್ಣೆ ತೆಗೆಯುವಷ್ಟರಲ್ಲಿ ಕೈ ಸೋತುಹೋಯಿತು. ಯುದ್ಧ ಶುರುವಾದಾಗಿನಿಂದ ವಾರ್ನಿಶ್ ಡಬ್ಬಿ ಹುಬ್ಬಳ್ಳಿಯಲ್ಲೂ ಸಿಗುವುದಿಲ್ಲ. ರೈಲಿನಲ್ಲಿ ಹೋಗುವವರಿಗೆಲ್ಲ ಹೇಳಿ ಕಳಿಸಿದೆ, ಎಲ್ಲರೂ ಖಾಲಿ ಕೈ ಆಡಿಸುತ್ತ ಬಂದರು. ಸೋಮವಾರ ಹತ್ತಿರ ಬರುತ್ತಿತ್ತು. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯದು. ಅಂಗಡಿಯಲ್ಲಿ ಎರಡು ಸಲ ಖಾರ ಕರಕಲು ಮಾಡಿ ಮಾಲಕರಿಂದ ಬೈಸಿಕೊಂಡೆ. ಸುಮ್ಮನೆ ಚಕ್ಕಡಿ ಹೂಡಿಬಿಡಲೇ, ಅವಳನ್ನು ಕತ್ತಲಲ್ಲೇ ದಾಟಿಸಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಕೆ ಬಂತು.

ಹಾಗೆ ಬೈಸಿಕೊಂಡ ದಿನವೇ, ಕಡಾಯಿ ಇಳಿಸಿ ಅದರ ಹೊರಮೈ ಕೆರೆಯುತ್ತ ಕೂತಿದ್ದೆ. ನಮ್ಮಲ್ಲಿ ಒಂದು ಕಡಾಯಿಗೆ ಶೇಂಗಾ ಎಣ್ಣೆ, ಇನ್ನೊಂದಕ್ಕೆ ಕುಸುಬಿ ಎಣ್ಣೆ. ಶೇಂಗಾ ಎಣ್ಣೆಯದು ಎಷ್ಟು ದಿನವಾದರೂ ಜಿಡ್ಡು ಜಿಡ್ಡು, ಕೆರೆದರೆ ಬರುತ್ತದೆ. ಕುಸುಬಿ ಎಣ್ಣೆ ಸಿಡಿದು ಕಡಾಯಿಯ ಕಿವಿಯ ಮೇಲೆ ಕೂತದ್ದು ಮಾತ್ರ ಬಳೆಯ ಗಾಜಿನ ಹಾಗೆ ಗಟ್ಟಿಯಾಗಿ, ಜಗ್ಗು ಅಂದರೂ ಜಗ್ಗಲಿಲ್ಲ. ಉಗುರು ಜಾರಿತು. ಅದನ್ನು ವರ್ಷಗಟ್ಟಲೆ ಬೈದುಕೊಂಡು ಕೆರೆದಿದ್ದೇನೆ. ಅವತ್ತು ಕೆರೆಯುತ್ತ ಕೆರೆಯುತ್ತ ಕೈ ನಿಂತಿತು. ಇಷ್ಟು ಗಟ್ಟಿ, ಇಷ್ಟು ಹೊಳಪು, ಮುಟ್ಟಿದರೆ ಕೈಗೆ ಹತ್ತುವುದಿಲ್ಲ, ಧೂಳು ಕೂತರೆ ಒರೆಸಿದರೆ ಹೋಗುತ್ತದೆ... ಕಡಾಯಿಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಮಾಲಕರು ಹಿಂದಿನಿಂದ ಕೂಗಿದ್ದು ಕೇಳಿಸಿತು, ನಿಲ್ಲಲಿಲ್ಲ.

ಕುಸುಬಿ ಎಣ್ಣೆಯನ್ನು ಹಿತ್ತಲ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಕುದಿಸಿದೆ. ಯಾವಾಗ ಇಳಿಸಬೇಕು ಎಂದು ಹೇಳುವವರು ಯಾರೂ ಇರಲಿಲ್ಲ. ಬೆಲ್ಲದ ಪಾಕ ನೋಡಿದ ಹಾಗೆ ಹೆಬ್ಬೆರಳು ತೋರುಬೆರಳ ನಡುವೆ ಎಳೆದು ಎಳೆದು ನೋಡಿದೆ. ಒಂದೆಳೆ ಬಂದಾಗ ಇಳಿಸಿದೆ. ಕಪ್ಪಿಗೆ ಏನು ಮಾಡುವುದು? ನೀಲವ್ವ ತಾನಾಗಿಯೇ ಎದ್ದು ಹೋಗಿ ಔಡಲೆಣ್ಣೆಯ ದೀಪ ಹಚ್ಚಿ, ಮೇಲೆ ತಾಟು ಬೋರಲು ಹಾಕಿ, ಕಾಡಿಗೆಗೆ ಹಿಡಿದ ಹಾಗೆ ಮಸಿ ಹಿಡಿಯತೊಡಗಿದಳು. ಒಂದು ತಾಟಿಗೆ ಚಿಟಿಕೆ ಮಸಿ. ಕೂತು ಕೂತು ಹಿಡಿದಳು. ನಾನು ಸುತ್ತಮುತ್ತ ತಿರುಗುತ್ತ, “ಆತೇನ? ಇನ್ನ ಎಷ್ಟ?” ಅಂತ ಕೇಳುತ್ತಲೇ ಇದ್ದೆ. ಕಡೆಗೆ ಅವಳು ತಲೆ ಎತ್ತಿದಳು.

“ಅಣ್ಣಾ, ಕಾಕಾ ಅಂದದ್ದಕ್ಕ ನೀ ಇಷ್ಟ ಬಡದಾಡಾಕತ್ತೀ. ನನಗ ಹೊಳಿಯೂ ಟಾಂಗಾ ಬ್ಯಾಡೋ. ಹಗಲ ಬೇಕು. ಕತ್ತಲದಾಗ ತಟ್ಟ ಹೊಚ್ಚಿಗೊಂಡು ಹೋಗಾಕ ನಾ ಏನ ಕದ್ದೇನಿ? ಈ ಊರಿಗೆ ತಿರುಗಿ ಬಂದಾಗಿಂದ ಮಂದಿ ಎದುರು ಬಂದ್ರ ನಾನ ಗ್ವಾಡಿಗೆ ಸರದ ನಿಂತೇನಿ. ಒಂದ ದಿವಸ ಅವರೂ ಸರೀಲಿ, ನನ್ನ ಟಾಂಗಾಕ ಹಾದಿ ಬಿಡ್ಲಿ.” ಇಷ್ಟು ಹೇಳಿ ಮತ್ತೆ ತಾಟಿನ ಮಸಿ ಕೆರೆಯತೊಡಗಿದಳು. ಅಪ್ಪಾ, ಅವಳು ಅಷ್ಟು ಉದ್ದ ಮಾತಾಡಿದ್ದು ನೀನು ಯಾವಾಗಲಾದರೂ ಕೇಳಿದ್ದೆಯಾ? ನಾನು ಕೇಳಿರಲಿಲ್ಲ. ಅಳು ಬಂತು. ಹೊಗೆ ಅಂತ ಹೇಳಿ ಕಣ್ಣು ಒರೆಸಿಕೊಂಡೆ.

ಹಳೆ ಕಂಬಳಿಯ ತುಂಡಿನಿಂದ ಗೀರುಗಳನ್ನೆಲ್ಲ ಸಣ್ಣಗೆ ಉಜ್ಜಿ, ಮಸಿ ಕಲಸಿದ ಎಣ್ಣೆಯನ್ನು ಅರಿವೆಯಲ್ಲಿ ಅದ್ದಿ, ತೆಳ್ಳಗೆ ಹಚ್ಚಿದೆ. ಹಚ್ಚುವುದು ಸಲೀಸು ಅಪ್ಪಾ, ಬಿಡುವುದೇ ಕಷ್ಟ. ಅದು ಬಿಸಿಲಲ್ಲಿ ತನ್ನ ಪಾಡಿಗೆ ತಾನು ಒಣಗಬೇಕು, ಮೇಲೆ ಮತ್ತೊಂದು ಕೈ, ಮತ್ತೆ ಒಣಗಬೇಕು. ನನ್ನಿಂದ ಆದೀತೇ? ಹೋಗುತ್ತ ಒಮ್ಮೆ ಮುಟ್ಟಿ ನೋಡಿದೆ, ಬೆರಳಿನ ಗುರುತು ಮೂಡಿತು. ಅದನ್ನು ಸರಿ ಮಾಡಲು ಹೋಗಿ ಅಂಗೈಯ ಗುರುತೇ ಮೂಡಿತು. ಒಣಗಿದೆಯೋ ಎಂದು ಊದಿದೆ, ಖಾರದ ಪುಡಿ ಇದ್ದ ಟವೆಲಿನಿಂದ ಗಾಳಿ ಹಾಕಿದೆ. ಪುಡಿಯೆಲ್ಲ ಅಂಟಿಕೊಂಡು, ಆ ಹಲಗೆಯನ್ನು ಮೊದಲಿಂದ ಉಜ್ಜಬೇಕಾಯಿತು. ನೀಲವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಟಾಂಗಾದ ಮುಂದೆ ನಿಂತಳು. “ಇನ್ನೊಮ್ಮೆ ಮುಟ್ಟಿದಿ ಅಂದ್ರ ನಾ ಹಿರೇಬೆಂಡಿಗೇರಿಗೆ ಹೋಗಾಂಗಿಲ್ಲ ನೋಡು! ಅಂಗಡಿಗೆ ನಡಿ!” ಅಂಗಡಿಯಲ್ಲಿ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ನೀನು ಸ್ಟೇಷನ್ನಿನ ಮುಂದೆ ದಿನಗಟ್ಟಲೆ ಹೇಗೆ ನಿಲ್ಲುತ್ತಿದ್ದೆಯೋ, ದೇವರೇ ಬಲ್ಲ.

ಸೋಮವಾರ ಸಂಜೆ ಅಯ್ಯನವರು ಬಂದರು. ನಮ್ಮ ಪಡಸಾಲೆಯಲ್ಲೇ ಶಿವಪ್ಪ ಸೀರೆ ಕೊಟ್ಟ, ತಾಳಿ ಕಟ್ಟಿದ. ಮುಗಿದದ್ದೇ ತಡ, ಹಿರಿಯರೆಲ್ಲ ಎದ್ದು ನಿಂತು, “ಹೂಂ, ನಡೀರಿ, ಹೊರಡಸ್ರಿ” ಎನ್ನತೊಡಗಿದರು. ಯಾರೋ ಆಗಲೇ ಚಕ್ಕಡಿಗೆ ಹೇಳಿ ಕಳಿಸಿದ್ದರು. ಜಗಳ ತೆಗೆದರೆ ನೀಲವ್ವನಿಗೆ ಅವಮಾನ, ಸುಮ್ಮನಿದ್ದರೆ ಅವಳ ಹಗಲು ಹೋಯಿತು. ಬಾಯಿಗೆ ಬಂದದ್ದು ಹೇಳಿದೆ: “ಟಾಂಗಾ ಇನ್ನ ಹಸೀ ಐತ್ರಿ. ಈಗ ಕುಂತ್ರ ಸೀರಿಗೆ ಹತ್ತತೈತಿ. ನಾಳೆ ಬಿಸಲ ಬೀಳೂತನಾ ಹೊರಡಾಕ ಬರಾಂಗಿಲ್ಲ. ಬೇಕಾದ್ರ ಕಾಕಾನ್ನ ಕೇಳ್ರಿ.” ಎಲ್ಲರೂ ಕಾಕಾನ ಕಡೆ ತಿರುಗಿದರು. ಕಾಕಾನ ಕೈ ತಾನಾಗಿಯೇ ಧೋತರದ ಹಿಂದಕ್ಕೆ ಹೋಯಿತು. “ಹೌದ್ರಿಪಾ, ಅದು ಹತ್ತತೈತಿ” ಅಂದ, ಮುಖ ಹುಳ್ಳಗೆ ಮಾಡಿಕೊಂಡು. ಚಕ್ಕಡಿಯಲ್ಲಿ ಕಳಿಸಿರಿ ಎಂದು ಒಬ್ಬರು ತೆಗೆದರು. ಆಗ ಶಿವಪ್ಪ, ಅದೇ ತುಟಿ ಬಿಚ್ಚದ ಶಿವಪ್ಪ, “ನಾ ಈ ಟಾಂಗಾದಾಗ ಬಂದು ಕೇಳಿದ್ನಿ. ಇದರಾಗನ ಕರಕೊಂಡು ಹೋಗ್ತೇನಿ. ಒಣಗಲಿ” ಅಂದು ಗೋಡೆಗೆ ಒರಗಿ ಕುಳಿತುಬಿಟ್ಟ. ನಿಜ ಹೇಳಲೇ ಅಪ್ಪಾ? ಟಾಂಗಾ ಒಣಗಿತ್ತು. ಹಿಂದಿನ ಹಲಗೆ ಒಂದಿಷ್ಟು ಮೆತ್ತಗಿತ್ತು, ಅಷ್ಟೇ.

ಮರುದಿನ ಬಿಸಿಲು ಬಿದ್ದ ಮೇಲೆ ಚಂದ್ರಿಯನ್ನು ಹೂಡಿದೆ. ಟಾಂಗಾ ಬೇವಿನ ನೆರಳಿನಿಂದ ಹೊರಗೆ ಬಂದಾಗ ಹೇಗಿತ್ತು ಅಂತ ಹೇಳಲಿ! ಜೋರು ಮಳೆಯಲ್ಲಿ ನೆನೆದು ನಿಂತ ಎಮ್ಮೆಯ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಶಾಂತವ್ವ ಹೊಸ್ತಿಲಲ್ಲಿ ಬಂದು ನಿಂತಳು. ಮುತ್ತೈದೆ ಉಡಿಕೆಯವಳ ಎದುರು ಬರಬಾರದೆಂದು ಅತ್ತೆ ಒಬ್ಬಳು ಒಳಗಿನಿಂದ ಕೂಗಿದಳು. “ನಮ್ಮ ನೀಲವ್ವನ ಎದುರಿಗೆ ಬರಲಾರದ ಮುತ್ತೈದಿತನಾ ನನಗ್ಯಾಕ ಬೇಕ್ರಿ?” ಅಂದು ಇವಳು ನೀಲವ್ವನ ಹಣೆಗೆ ಕುಂಕುಮ ಹಚ್ಚಿ, ಉಡಿ ತುಂಬಿದಳು. ನೀಲವ್ವ, ಶಿವಪ್ಪ ಹಿಂದಿನ ಸೀಟಿಗೆ ಹತ್ತಿದರು. ಪೇಟೆಯಲ್ಲಿ ಕೆಲವರು ಬಾಗಿಲು ಹಾಕಿಕೊಂಡರು ನಿಜ, ಕಿಟಕಿ ತೆರೆದು ನೋಡಿದರು ಎಂಬುದೂ ನಿಜ. ವೀಳ್ಯದೆಲೆಯ ಪೆಂಡಿ ಹೊತ್ತವರು ಸರಿದು ಹಾದಿ ಬಿಟ್ಟರು. ನಮ್ಮ ಮಾಲಕರು ಒಂದು ಪೊಟ್ಟಣ ಖಾರ ತಂದು ಅವಳ ಕೈಗಿಟ್ಟರು. ಕಾಕಾ ಮೂಲೆಯಲ್ಲಿ ನಿಂತಿದ್ದ. “ಏ ಈರ್ಯಾ, ಸಾವಕಾಶ ಹೊಡಿ, ಹುಡುಗಿಗೆ ಜೋಲಿ ಹೊಡದೀತು” ಅಂದ, ಮೂಗು ಒರೆಸಿಕೊಂಡ. ನೀಲವ್ವ ಸೆರಗು ಮುಂದಕ್ಕೆ ಎಳೆದುಕೊಳ್ಳಲಿಲ್ಲ.

ಶಿಗ್ಗಾಂವಿ ಕಡೆಯ ರಸ್ತೆ ಹಿಡಿದ ಮೇಲೆ ನನ್ನ ಸಂತೋಷಕ್ಕೆ ಧೂಳು ಬಿತ್ತು. ಎದುರಿಗೆ ಬಂದ ದನದ ಹಿಂಡು, ಹತ್ತಿ ಚಕ್ಕಡಿಗಳ ಸಾಲು. ಎರೆಹೊಲದ ಮಣ್ಣು ಮೋಡದ ಹಾಗೆ ಎದ್ದು ನಮ್ಮ ಮೇಲೆ ಇಳಿಯಿತು. ಹಿರೇಬೆಂಡಿಗೇರಿಯ ಅಗಸಿ ಬಾಗಿಲು ಕಾಣುವ ಹೊತ್ತಿಗೆ ಕುದುರೆ ಯಾವುದು, ಟಾಂಗಾ ಯಾವುದು, ನಾವು ಯಾರು, ಎಲ್ಲ ಒಂದೇ ಬಣ್ಣ. ಇಷ್ಟು ಬಡಿದಾಡಿದ್ದು ಇದಕ್ಕಾ? ಇವಳ ಗಂಡನ ಊರಿನವರು ನೋಡುವುದು ಈ ಬೂದು ಟಾಂಗಾವನ್ನಾ? ಇಳಿದು ಟವೆಲಿನಿಂದ ಒರೆಸಲು ಹೋದೆ. “ಬಿಡಣ್ಣಾ, ಬಾ, ಬಿಸಲೇರೇತಿ” ಅಂದಳು ನೀಲವ್ವ. ಅಳುವಂತಾಗಿತ್ತು ನನಗೆ.

ಮನೆಯ ಮುಂದೆ ಶಿವಪ್ಪನ ತಾಯಿ ನಿಂತಿದ್ದಳು, ಕೈಯಲ್ಲಿ ನೀರಿನ ಚರಿಗೆ. ಬಾಗಿದ ಬೆನ್ನಿನ ಮುದುಕಿ. ಉಡಿಕೆಯವಳನ್ನು ಹಿತ್ತಲ ಬಾಗಿಲಿಂದ ಒಳಗೆ ಕರೆದುಕೊಳ್ಳುವುದು ರೂಢಿ, ಇವಳು ತಲೆಬಾಗಿಲಲ್ಲೇ ನಿಂತಿದ್ದಾಳೆ. ನೀಲವ್ವ ಇಳಿದಳು. ಮುದುಕಿ ಅವಳ ಕಾಲಿಗೆ ನೀರು ಹಾಕಿ, ಮುಖ ನೋಡಿ, “ನಿಂದ್ರವಾ ಒಂದೀಟು” ಅಂದಳು. ಬೆವರಿಗೆ, ಧೂಳಿಗೆ ಕುಂಕುಮ ಹಣೆಯ ಮೇಲೆಲ್ಲ ಹರಡಿಬಿಟ್ಟಿತ್ತು. ಮುದುಕಿ ತನ್ನ ಸೆರಗು ಹಿಡಿದು ಟಾಂಗಾದ ಹಲಗೆಯ ಮೇಲಿನ ಧೂಳನ್ನು ಒಂದು ಮೊಳದಷ್ಟು ಒರೆಸಿದಳು. ಒಂದೇ ಸಲ ಒರೆಸಿದ್ದು ಅಪ್ಪಾ, ಕೆಳಗಿನಿಂದ ಕರ್ರಗೆ, ತಿಳಿನೀರಿನ ಹಾಗೆ ಬಂತು. “ಬಾ, ಇದರಾಗ ನೋಡಿಕೋ. ಕುಂಕಮಾ ನೆಟ್ಟಗ ಮಾಡಿಕೊಂಡು ಒಳಗ ಬಾ. ಮೊದಲನೇ ಸಲಾ ಮನೀಗೆ ಬರಾಕತ್ತಿ” ಅಂದಳು.

ನೀಲವ್ವ ಬಗ್ಗಿದಳು. ಗಂಡ ಸತ್ತ ದಿನ ಅವಳ ಕನ್ನಡಿ ಕಸಿದುಕೊಂಡವರು ಮತ್ತೆ ಕೊಟ್ಟಿರಲಿಲ್ಲ, ನಾವೂ ಕೊಟ್ಟಿರಲಿಲ್ಲ, ನೀನೂ ಕೊಟ್ಟಿರಲಿಲ್ಲ. ಅವಳು ಬಹಳ ಹೊತ್ತು ನೋಡಿದಳು. ಯಾರೂ ಅವಸರ ಮಾಡಲಿಲ್ಲ, ನಾನೂ ಮಾಡಲಿಲ್ಲ. ಆಮೇಲೆ ಉಂಗುರ ಬೆರಳಿನಿಂದ ಕುಂಕುಮವನ್ನು ದುಂಡಗೆ ತಿದ್ದಿಕೊಂಡು, ನನ್ನ ಕಡೆ ತಿರುಗಿ, “ಅಣ್ಣಾ, ನಾ ಅವ್ವನಾಂಗ ಆಗೇನಲ್ಲೋ!” ಅಂದಳು.

ನಿನ್ನ ಮಗ,
ಈರಪ್ಪ